ಶೇರ್‌ಪಾಯಿಂಟ್ ಇಂಟ್ರಾನೆಟ್‌ಗೆ ಸ್ಕ್ರಿಪ್ಟ್: ಯಾವ ಹೆಜ್ಜೆ ಮೊದಲು, ಯಾವುದು ಆಮೇಲೆ

ಎಲ್ಲೋ ಸಿಕ್ಕ ಸ್ಕ್ರಿಪ್ಟನ್ನು ತಂದು ಓಡಿಸಿದರೆ ಲಾಗಿನ್ ಆಗುವುದಿಲ್ಲ. ಲಾಗಿನ್ ಆದರೆ ಕಾಲಂ ಸಿಗುವುದಿಲ್ಲ. ಕಾಲಂ ಸಿಕ್ಕರೆ 5,000 ಸಾಲಿನ ಹತ್ತಿರ ನಿಂತುಬಿಡುತ್ತದೆ. ಅದನ್ನೂ ದಾಟಿ ಕೆಲಸ ಮುಗಿಯಿತು ಎನ್ನುವಾಗ, ಪ್ರತಿ ಸಾಲಿಗೊಂದರಂತೆ ಇಡೀ ಕಚೇರಿಗೆ ಮೇಲ್ ಹೋಗಿರುತ್ತದೆ. ಶೇರ್‌ಪಾಯಿಂಟ್ ಆನ್‌ಲೈನ್ ಮೇಲೆ ಕಟ್ಟಿದ ಇಂಟ್ರಾನೆಟ್‌ನಲ್ಲಿ (ಸಂಸ್ಥೆಯ ಒಳಗಿನ ಜಾಲತಾಣದಲ್ಲಿ) ಜನ ಎಡವುವುದು ಹೆಚ್ಚಾಗಿ ಈ ನಾಲ್ಕು ಜಾಗಗಳಲ್ಲೇ. ಕೋಡ್ ತಪ್ಪಿರುವುದು ಕಡಿಮೆ, ಹೆಜ್ಜೆಗಳ ಕ್ರಮ ತಪ್ಪಿರುವುದು ಜಾಸ್ತಿ.

ಈ ಮಾರ್ಗದರ್ಶಿ ಮೈಕ್ರೋಸಾಫ್ಟ್ 365ರ ಶೇರ್‌ಪಾಯಿಂಟ್ ಆನ್‌ಲೈನ್‌ಗೆ ಮಾತ್ರ. ಸಂಸ್ಥೆಯದೇ ಸರ್ವರ್ ಮೇಲಿರುವ ಹಳೆಯ ಶೇರ್‌ಪಾಯಿಂಟ್‌ಗೆ ಲಾಗಿನ್ ಕ್ರಮವೂ ಮಿತಿಗಳೂ ಬೇರೆ. ಆಜ್ಞೆಗಳ ಹೆಸರನ್ನು ಇಲ್ಲಿ ಉಚ್ಚಾರಕ್ಕೆ ಸರಿಯಾಗಿ ಕೊಟ್ಟಿದೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪಿಸಬೇಕು.

## ಶುರು ಮಾಡುವ ಮೊದಲು ಕೈಯಲ್ಲಿರಬೇಕಾದದ್ದು

- ಆಜ್ಞೆಗಳನ್ನು ಬರೆದು ಓಡಿಸುವ ಸಾಧನವಾದ ಪವರ್‌ಶೆಲ್ 7.4 ಅಥವಾ ಅದಕ್ಕಿಂತ ಹೊಸದು. ವಿಂಡೋಸ್ ಜೊತೆಗೇ ಬರುವ 5.1 ಸಾಲದು.
- ಪಿಎನ್‌ಪಿ ಪವರ್‌ಶೆಲ್ ಮಾಡ್ಯೂಲ್, ಅಂದರೆ ಶೇರ್‌ಪಾಯಿಂಟ್‌ಗೆ ಬೇಕಾದ ಆಜ್ಞೆಗಳ ಕಟ್ಟು.
- ವಿಷುಯಲ್ ಸ್ಟುಡಿಯೋ ಕೋಡ್‌ನಂಥ ಎಡಿಟರ್. ಹಳೆಯ ಪವರ್‌ಶೆಲ್ ಐಎಸ್‌ಇ ಆವೃತ್ತಿ 7ನ್ನು ನಡೆಸುವುದಿಲ್ಲ.
- ನೀವು ಬದಲಿಸಲಿರುವ ಸೈಟ್‌ನಲ್ಲಿ ಮಾಲೀಕರ ಹಕ್ಕು.
- ಟೆನೆಂಟ್ (ಮೈಕ್ರೋಸಾಫ್ಟ್ 365ರಲ್ಲಿ ನಿಮ್ಮ ಸಂಸ್ಥೆಯ ಪಾಲು) ಅಡ್ಮಿನ್ ಒಬ್ಬರ ಹತ್ತು ನಿಮಿಷ. ಹಂತ 3ರಲ್ಲಿ ಅವರ ಒಪ್ಪಿಗೆ ಇಲ್ಲದೆ ಮುಂದಕ್ಕೆ ಹೋಗಲು ಆಗುವುದಿಲ್ಲ, ಹಾಗಾಗಿ ಅವರ ಸಮಯವನ್ನು ಮೊದಲೇ ಕೇಳಿಟ್ಟುಕೊಳ್ಳಿ.

## ಹಂತ 1: ಸ್ಕ್ರಿಪ್ಟ್ ನಿಜಕ್ಕೂ ಬೇಕೇ ಎಂದು ನೋಡಿ

ಬದಲಾವಣೆ ಮಾಡಲು ನಾಲ್ಕು ಪದರಗಳಿವೆ. ಸೈಟ್ ಮತ್ತು ಲಿಸ್ಟ್‌ನ (ಸಾಲು-ಕಾಲಂಗಳ ಪಟ್ಟಿ) ಸೆಟ್ಟಿಂಗ್ಸ್ ಮೊದಲನೆಯದು, ಕಾಲಂ ಹಾಗೂ ವ್ಯೂಗಳ (ಪಟ್ಟಿಯನ್ನು ತೋರಿಸುವ ಬಗೆಗಳು) ತೋರಿಕೆಯನ್ನು ಪಠ್ಯದಲ್ಲಿ ಬರೆದುಕೊಡುವ ಜೆಸನ್ ಫಾರ್ಮ್ಯಾಟಿಂಗ್ ಎರಡನೆಯದು. ಹೊರಗಿನಿಂದ ಓಡುವ ಪವರ್‌ಶೆಲ್ ಸ್ಕ್ರಿಪ್ಟ್ ಮೂರನೆಯದು, ಪುಟದೊಳಗೇ ಓಡುವ ಎಸ್‌ಪಿಎಫ್ಎಕ್ಸ್ (ಶೇರ್‌ಪಾಯಿಂಟ್ ಫ್ರೇಮ್‌ವರ್ಕ್) ಪ್ಯಾಕೇಜ್ ನಾಲ್ಕನೆಯದು. ಕೆಳಗಿಳಿದಂತೆ ಮುಂದೆ ನೋಡಿಕೊಳ್ಳುವ ಹೊಣೆ ಹೆಚ್ಚುತ್ತದೆ. ಮೇಲಿನ ಪದರದಲ್ಲಿ ಆಗುವ ಕೆಲಸವನ್ನು ಕೆಳಗಿನ ಪದರಕ್ಕೆ ತಳ್ಳಬೇಡಿ.

ಬಣ್ಣ, ಐಕಾನ್, ಪ್ರಗತಿಪಟ್ಟಿ, ಬಟನ್ ಇವೆಲ್ಲ ಜೆಸನ್‌ನಲ್ಲೇ ಆಗುತ್ತವೆ. ಸಾವಿರಾರು ಸಾಲುಗಳ ಮೌಲ್ಯ ಬದಲಾವಣೆ, ಅನುಮತಿಗಳ ಪಟ್ಟಿ ತೆಗೆಯುವುದು, ಒಂದೇ ರಚನೆಯನ್ನು ಹತ್ತಾರು ಸೈಟ್‌ಗಳಿಗೆ ಹಾಕುವುದು ಪವರ್‌ಶೆಲ್‌ನ ಕೆಲಸ. ಎಲ್ಲ ಪುಟಗಳ ತಲೆಯಲ್ಲಿ ಸೂಚನಾಪಟ್ಟಿ ಕಾಣಬೇಕೆಂದರೆ ಎಸ್‌ಪಿಎಫ್ಎಕ್ಸ್ ಬೇಕು.

ಪುಟದೊಳಗೆ ಜಾವಾಸ್ಕ್ರಿಪ್ಟ್ ಅಂಟಿಸುವ ಹಳೆಯ ದಾರಿಯನ್ನು ಮರೆತುಬಿಡಿ. ಸ್ಕ್ರಿಪ್ಟ್ ಎಡಿಟರ್ ವೆಬ್ ಪಾರ್ಟ್ (ಪುಟದಲ್ಲಿ ಇಡುವ ಒಂದು ತುಣುಕು) ಆಧುನಿಕ ಪುಟಗಳಲ್ಲಿ ಇಲ್ಲವೇ ಇಲ್ಲ. ಕಸ್ಟಮ್ ಸ್ಕ್ರಿಪ್ಟ್‌ಗೆ ಅವಕಾಶ ಕೊಡುವ ಸೆಟ್ಟಿಂಗನ್ನು ಅಡ್ಮಿನ್ ತೆರೆದರೂ 24 ಗಂಟೆಯೊಳಗೆ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ‘ನಿನ್ನೆ ಆಗುತ್ತಿತ್ತು, ಇವತ್ತು ಅನುಮತಿ ಇಲ್ಲ ಅನ್ನುತ್ತದೆ’ ಎಂಬ ದೂರಿಗೆ ಬಹಳ ಸಲ ಇದೇ ಕಾರಣ.

## ಹಂತ 2: ಪರೀಕ್ಷಾ ಸೈಟ್ ಮತ್ತು ಮೂರು ಬಗೆಯ ಬ್ಯಾಕಪ್

ಅಸಲಿ ಸೈಟ್‌ನ ರಚನೆಯನ್ನು ಗೆಟ್-ಪಿಎನ್‌ಪಿಸೈಟ್‌ಟೆಂಪ್ಲೇಟ್ ಆಜ್ಞೆಯಿಂದ ಫೈಲಿಗೆ ಇಳಿಸಿ, ಖಾಲಿ ಪರೀಕ್ಷಾ ಸೈಟ್‌ಗೆ ಇನ್ವೋಕ್-ಪಿಎನ್‌ಪಿಸೈಟ್‌ಟೆಂಪ್ಲೇಟ್ ಮೂಲಕ ಹಾಕಿ. ಹ್ಯಾಂಡ್ಲರ್ಸ್ ಎಂಬ ಆಯ್ಕೆಯಲ್ಲಿ ಲಿಸ್ಟ್ ಮತ್ತು ಫೀಲ್ಡ್ ಮಾತ್ರ ಕೇಳಿದರೆ ಬೇಗ ಮುಗಿಯುತ್ತದೆ. ಏನನ್ನೂ ಸೂಚಿಸದಿದ್ದರೆ ಸಿಕ್ಕಿದ್ದನ್ನೆಲ್ಲ ಇಳಿಸಲು ಹೋಗಿ ದೊಡ್ಡ ಸೈಟ್‌ಗಳಲ್ಲಿ ತುಂಬ ಹೊತ್ತು ತೆಗೆದುಕೊಳ್ಳುತ್ತದೆ.

ಈ ಟೆಂಪ್ಲೇಟ್‌ನಲ್ಲಿ ಬರುವುದು ರಚನೆ ಮಾತ್ರ, ಸಾಲುಗಳ ಮಾಹಿತಿ ಅಲ್ಲ. ಇದನ್ನೇ ಬ್ಯಾಕಪ್ ಎಂದುಕೊಂಡು ಮುಂದುವರಿದವರು ಬೇಕಾದಾಗ ಕೈಯಲ್ಲಿ ಏನೂ ಇಲ್ಲದೆ ಕೂರುತ್ತಾರೆ. ಹಾಗಾಗಿ ಮೂರನ್ನೂ ಇಟ್ಟುಕೊಳ್ಳಿ: ರಚನೆಯ ಟೆಂಪ್ಲೇಟ್, ಎಲ್ಲ ಸಾಲುಗಳ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಟ್ಟ ಪಠ್ಯದ) ಫೈಲ್, ಈಗಿರುವ ಕಾಲಂ ಮತ್ತು ವ್ಯೂ ಫಾರ್ಮ್ಯಾಟಿಂಗ್‌ನ ಜೆಸನ್ ಪಠ್ಯ. ಸಿಎಸ್‌ವಿಯಲ್ಲಿ ಸಾಲಿನ ಐಡಿ ಸಂಖ್ಯೆ ಇರಲೇಬೇಕು. ಅದಿಲ್ಲದೆ ಹಳೆಯ ಮೌಲ್ಯವನ್ನು ಯಾವ ಸಾಲಿಗೆ ಹಿಂದಿರುಗಿಸಬೇಕೆಂದು ಗೊತ್ತಾಗುವುದಿಲ್ಲ.

ಕನ್ನಡ ಪಠ್ಯ ಇರುವ ಲಿಸ್ಟ್ ಆದರೆ ಇನ್ನೊಂದು ಎಚ್ಚರ. ಪವರ್‌ಶೆಲ್ 7 ಸಿಎಸ್‌ವಿಯನ್ನು ಬಾಮ್ ಗುರುತಿಲ್ಲದ (ಅಕ್ಷರಸಂಕೇತ ಯಾವುದೆಂದು ಫೈಲಿನ ಆರಂಭದಲ್ಲಿ ಹೇಳುವ ಗುರುತು) ಯುಟಿಎಫ್-8ರಲ್ಲಿ ಬರೆಯುತ್ತದೆ. ಅದನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಾಗದ ಚಿಹ್ನೆಗಳು ಕಾಣುತ್ತವೆ. ಎಕ್ಸ್‌ಪೋರ್ಟ್ ಆಜ್ಞೆಯ ಎನ್‌ಕೋಡಿಂಗ್ ಆಯ್ಕೆಯಲ್ಲಿ ಯುಟಿಎಫ್8ಬಾಮ್ ಎಂದು ಕೊಡಿ. ಎಕ್ಸೆಲ್‌ನಿಂದ ಮತ್ತೆ ಉಳಿಸುವಾಗ ಬರೀ ಸಿಎಸ್‌ವಿ ಅಲ್ಲ, ‘ಸಿಎಸ್‌ವಿ ಯುಟಿಎಫ್-8’ ಎಂಬ ಬಗೆಯನ್ನೇ ಆರಿಸಿ. ಇಲ್ಲವಾದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಉಳಿಯುತ್ತದೆ, ಅದನ್ನು ಮರಳಿ ಪಡೆಯುವ ದಾರಿ ಇಲ್ಲ.

## ಹಂತ 3: ಲಾಗಿನ್

ಹಳೆಯ ಲೇಖನಗಳಲ್ಲಿರುವ ಲಾಗಿನ್ ಸಾಲು ಈಗ ಕೆಲಸ ಮಾಡದಿರಲು ಸ್ಪಷ್ಟ ಕಾರಣವಿದೆ. ಪಿಎನ್‌ಪಿ ತಂಡ ಎಲ್ಲರಿಗೂ ಒಂದೇ ಎಂದು ಇಟ್ಟಿದ್ದ ಪಿಎನ್‌ಪಿ ಮ್ಯಾನೇಜ್‌ಮೆಂಟ್ ಶೆಲ್ ಎಂಬ ಆ್ಯಪನ್ನು 2024ರ ಸೆಪ್ಟೆಂಬರ್ 9ರಂದು ತೆಗೆದುಹಾಕಿತು. ಅಂದಿನಿಂದ ಪ್ರತಿ ಸಂಸ್ಥೆಯೂ ಮೈಕ್ರೋಸಾಫ್ಟ್‌ನ ಲಾಗಿನ್ ಸೇವೆಯಾದ ಎಂಟ್ರಾ ಐಡಿಯಲ್ಲಿ ತನ್ನದೇ ಆ್ಯಪ್ ನೋಂದಾಯಿಸಿಕೊಳ್ಳಬೇಕು. ಕ್ರಮ ಹೀಗೆ:

1. ಹಳೆಯ ಶೇರ್‌ಪಾಯಿಂಟ್‌ಪಿಎನ್‌ಪಿಪವರ್‌ಶೆಲ್‌ಆನ್‌ಲೈನ್ ಮಾಡ್ಯೂಲ್ ಇದ್ದರೆ ಮೊದಲು ತೆಗೆಯಿರಿ. ಎರಡರಲ್ಲೂ ಒಂದೇ ಹೆಸರಿನ ಆಜ್ಞೆಗಳಿರುವುದರಿಂದ ಯಾವುದು ಓಡುತ್ತಿದೆ ಎಂದು ತಿಳಿಯದೆ ಗೊಂದಲವಾಗುತ್ತದೆ.
2. ಪಿಎನ್‌ಪಿ.ಪವರ್‌ಶೆಲ್ ಮಾಡ್ಯೂಲನ್ನು ಕರೆಂಟ್‌ಯೂಸರ್ ಸ್ಕೋಪ್‌ನಲ್ಲಿ ಇನ್‌ಸ್ಟಾಲ್ ಮಾಡಿ. ಹೀಗೆ ಮಾಡಿದರೆ ಕಂಪ್ಯೂಟರ್‌ನ ಅಡ್ಮಿನ್ ಹಕ್ಕು ಬೇಕಾಗುವುದಿಲ್ಲ.
3. ರಿಜಿಸ್ಟರ್-ಪಿಎನ್‌ಪಿಎಂಟ್ರಾಐಡಿಆ್ಯಪ್‌ಫಾರ್‌ಇಂಟರಾಕ್ಟಿವ್‌ಲಾಗಿನ್ ಆಜ್ಞೆಗೆ ಆ್ಯಪ್ ಹೆಸರು ಮತ್ತು ಟೆನೆಂಟ್ ಹೆಸರು ಕೊಟ್ಟು ಓಡಿಸಿ. ಟೆನೆಂಟ್ ಅಡ್ಮಿನ್ ಪಕ್ಕದಲ್ಲಿರಬೇಕಾದದ್ದು ಈಗ.
4. ಕೊನೆಯಲ್ಲಿ ಬರುವ ಕ್ಲೈಂಟ್ ಐಡಿಯನ್ನು (ಆ ಆ್ಯಪ್‌ನ ಗುರುತು) ಬರೆದಿಟ್ಟುಕೊಳ್ಳಿ.
5. ಕನೆಕ್ಟ್-ಪಿಎನ್‌ಪಿಆನ್‌ಲೈನ್ ಆಜ್ಞೆಗೆ ಸೈಟ್‌ನ ಪೂರ್ಣ ವಿಳಾಸ, ಇಂಟರಾಕ್ಟಿವ್ ಎಂಬ ಆಯ್ಕೆ, ಕ್ಲೈಂಟ್ ಐಡಿ ಮೂರನ್ನೂ ಕೊಡಿ.
6. ಗೆಟ್-ಪಿಎನ್‌ಪಿವೆಬ್ ಓಡಿಸಿ. ಸೈಟ್‌ನ ಶೀರ್ಷಿಕೆ ಸರಿಯಾಗಿ ಬಂದರೆ ಮಾತ್ರ ಮುಂದಕ್ಕೆ ಹೋಗಿ.

ದೋಷಸಂಖ್ಯೆ ಬಂದರೆ ಅದನ್ನೇ ಓದಿ, ಊಹೆ ಬೇಡ. ಎಎಡಿಎಸ್‌ಟಿಎಸ್ 700016 ಅಂದರೆ ಆ ಕ್ಲೈಂಟ್ ಐಡಿಯ ಆ್ಯಪ್ ನಿಮ್ಮ ಟೆನೆಂಟ್‌ನಲ್ಲಿ ಇಲ್ಲ. ಹಳೆಯ ಸ್ಕ್ರಿಪ್ಟ್ ಓಡಿಸಿದವರಿಗೆ ಕಾಣುವುದು ಇದೇ. 65001 ಅಂದರೆ ಆ್ಯಪ್ ಇದೆ, ಒಪ್ಪಿಗೆ ಸಿಕ್ಕಿಲ್ಲ. 50011 ಅಂದರೆ ಲಾಗಿನ್ ಆದಮೇಲೆ ಮರಳಬೇಕಾದ ರೀಡೈರೆಕ್ಟ್ ವಿಳಾಸ ಹೊಂದುತ್ತಿಲ್ಲ.

ಬಳಕೆದಾರರ ಹೆಸರು, ಪಾಸ್‌ವರ್ಡ್ ಎರಡನ್ನು ಸ್ಕ್ರಿಪ್ಟ್‌ನಲ್ಲೇ ಬರೆದಿಡುವ ಪದ್ಧತಿಗೆ ಇಲ್ಲಿ ಜಾಗವಿಲ್ಲ. ಎರಡು ಹಂತದ ದೃಢೀಕರಣ ಇರುವ ಖಾತೆಯಲ್ಲಿ ಅದು ನಡೆಯುವುದಿಲ್ಲ, ನಡೆದರೂ ಫೈಲು ಓದಿದ ಯಾರಿಗಾದರೂ ಪಾಸ್‌ವರ್ಡ್ ಸಿಕ್ಕಿದಂತೆ. ಇನ್ನು, ಇಂಟರಾಕ್ಟಿವ್ ಲಾಗಿನ್‌ನಲ್ಲಿ ಆ್ಯಪ್‌ಗೂ ನಿಮಗೂ ಇಬ್ಬರಿಗೂ ಇರುವ ಹಕ್ಕುಗಳು ಮಾತ್ರ ಸಿಗುತ್ತವೆ. ಆ್ಯಪ್‌ಗೆ ಪೂರ್ಣ ಹಕ್ಕಿದ್ದು ನಿಮಗೆ ಆ ಸೈಟ್‌ನಲ್ಲಿ ಪ್ರವೇಶವೇ ಇಲ್ಲದಿದ್ದರೆ ‘ಆಕ್ಸೆಸ್ ಡಿನೈಡ್’ ಬಂದೇ ಬರುತ್ತದೆ.

## ಹಂತ 4: ಕಾಲಂಗಳ ಒಳಹೆಸರು ಪಟ್ಟಿ ಮಾಡಿ

ಸ್ಕ್ರಿಪ್ಟ್ ಮತ್ತು ಜೆಸನ್ ಎರಡಕ್ಕೂ ಬೇಕಾದದ್ದು ಪರದೆಯ ಮೇಲೆ ಕಾಣುವ ಹೆಸರಲ್ಲ, ಇಂಟರ್ನಲ್ ನೇಮ್ ಎಂಬ ಒಳಹೆಸರು. ಕಾಲಂ ಹುಟ್ಟಿದಾಗ ಒಮ್ಮೆ ನಿಗದಿಯಾದರೆ ಮುಗಿಯಿತು, ಆಮೇಲೆ ಎಷ್ಟು ಸಲ ಹೆಸರು ಬದಲಿಸಿದರೂ ಒಳಹೆಸರು ಹಾಗೇ ಇರುತ್ತದೆ. ಮೊದಲು ‘ಸ್ಟೇಟಸ್’ ಎಂದು ಮಾಡಿ ಆಮೇಲೆ ‘ಪ್ರಗತಿ’ ಎಂದು ಬದಲಿಸಿದ ಕಾಲಂ, ಸ್ಕ್ರಿಪ್ಟ್‌ನ ಕಣ್ಣಿಗೆ ಇಂದಿಗೂ ಸ್ಟೇಟಸ್ಸೇ. ಎಕ್ಸೆಲ್ ಫೈಲ್‌ನಿಂದ ಮಾಡಿದ ಲಿಸ್ಟ್‌ಗಳಲ್ಲಿ ಒಳಹೆಸರು ಫೀಲ್ಡ್_1, ಫೀಲ್ಡ್_2 ಎಂದು ಇರುತ್ತದೆ. ಅಲ್ಲಿ ಊಹೆಗೆ ಅವಕಾಶವೇ ಇಲ್ಲ.

ಕನ್ನಡದಲ್ಲಿ ಕಾಲಂ ಹೆಸರಿಡುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ ಬಿಟ್ಟು ಬೇರೇನಿದ್ದರೂ ಶೇರ್‌ಪಾಯಿಂಟ್ ಅದನ್ನು ಸಂಕೇತವಾಗಿ ಬದಲಿಸುತ್ತದೆ: ಒಂದು ಅಂಡರ್‌ಸ್ಕೋರ್, ಎಕ್ಸ್, ನಾಲ್ಕು ಸ್ಥಾನದ ಯುನಿಕೋಡ್ ಸಂಖ್ಯೆ, ಮತ್ತೊಂದು ಅಂಡರ್‌ಸ್ಕೋರ್. ಒಟ್ಟು 7 ಸ್ಥಾನ. ಪರದೆಯಿಂದ ಮಾಡಿದ ಕಾಲಂನ ಒಳಹೆಸರಿಗೆ ಇರುವುದು 32 ಸ್ಥಾನ. ‘ಸ್ಥಿತಿ’ ಎಂಬ ಪುಟ್ಟ ಪದದಲ್ಲಿ ಅರ್ಧಾಕ್ಷರದ ಗುರುತು, ಸ್ವರಚಿಹ್ನೆಗಳನ್ನು ಸೇರಿಸಿ 6 ಯುನಿಕೋಡ್ ಸಂಕೇತಗಳಿವೆ. ಅದಕ್ಕೆ 42 ಸ್ಥಾನ ಬೇಕು. ಹಾಗಾಗಿ ಪದ ಮುಗಿಯುವ ಮೊದಲೇ ಒಳಹೆಸರು ಕತ್ತರಿಸಿಹೋಗುತ್ತದೆ. ‘ದಿನಾಂಕ ಆರಂಭ’, ‘ದಿನಾಂಕ ಮುಕ್ತಾಯ’ ಎಂದು ಎರಡು ಕಾಲಂ ಮಾಡಿದಿರೋ, ಎರಡರ ಒಳಹೆಸರೂ ಒಂದೇ ಆಗಲು ಹೋಗಿ ಎರಡನೆಯದರ ತುದಿಗೆ ಒಂದು ಅಂಕಿ ಸೇರುತ್ತದೆ. ಆರು ತಿಂಗಳ ನಂತರ ಯಾವುದು ಆರಂಭ, ಯಾವುದು ಮುಕ್ತಾಯ ಎಂದು ನೋಡಿದ ಮಾತ್ರಕ್ಕೆ ಹೇಳುವುದು ಸಾಧ್ಯವಿಲ್ಲ.

ಪರಿಹಾರ ಸುಲಭ. ಕಾಲಂ ಮಾಡುವಾಗ ಖಾಲಿ ಜಾಗವಿಲ್ಲದ ಚಿಕ್ಕ ಇಂಗ್ಲಿಷ್ ಹೆಸರು ಕೊಡಿ, ಉಳಿಸಿ, ಆಮೇಲೆ ತೋರುವ ಹೆಸರನ್ನು ಕನ್ನಡಕ್ಕೆ ಬದಲಿಸಿ. ಓದುವವರಿಗೆ ಕನ್ನಡ ಕಾಣುತ್ತದೆ, ಸ್ಕ್ರಿಪ್ಟ್‌ಗೆ ಸ್ವಚ್ಛವಾದ ಒಳಹೆಸರು ಸಿಗುತ್ತದೆ.

ಈಗಾಗಲೇ ಇರುವ ಲಿಸ್ಟ್‌ಗೆ ಗೆಟ್-ಪಿಎನ್‌ಪಿಫೀಲ್ಡ್ ಓಡಿಸಿ, ತೋರುವ ಹೆಸರು, ಒಳಹೆಸರು, ಬಗೆ ಈ ಮೂರನ್ನು ಸಿಎಸ್‌ವಿಗೆ ಇಳಿಸಿ ಪಕ್ಕದಲ್ಲಿಟ್ಟುಕೊಳ್ಳಿ. ಒಂದೇ ಕಾಲಂ ನೋಡುವುದಿದ್ದರೆ ಲಿಸ್ಟ್ ಸೆಟ್ಟಿಂಗ್ಸ್‌ನಲ್ಲಿ ಅದರ ಮೇಲೆ ಕ್ಲಿಕ್ ಮಾಡಿ. ವಿಳಾಸಪಟ್ಟಿಯ ಕೊನೆಯಲ್ಲಿ ‘ಫೀಲ್ಡ್ =’ ಆದಮೇಲೆ ಇರುವುದೇ ಒಳಹೆಸರು. ಅಲ್ಲಿ ಅಂಡರ್‌ಸ್ಕೋರ್ ಬದಲು ಶೇಕಡಾ ಚಿಹ್ನೆ ಮತ್ತು 5ಎಫ್ ಕಂಡರೆ ಅದನ್ನು ಅಂಡರ್‌ಸ್ಕೋರ್ ಎಂದೇ ಓದಿಕೊಳ್ಳಿ.

## ಹಂತ 5: ಜೆಸನ್ ಫಾರ್ಮ್ಯಾಟಿಂಗ್

ಕಾಲಂನ ತಲೆಯ ಮೇಲೆ ಕ್ಲಿಕ್ ಮಾಡಿ ಕಾಲಂ ಸೆಟ್ಟಿಂಗ್ಸ್, ಅಲ್ಲಿಂದ ‘ಫಾರ್ಮ್ಯಾಟ್ ದಿಸ್ ಕಾಲಂ’, ಕೆಳಗಿರುವ ಅಡ್ವಾನ್ಸ್ಡ್ ಮೋಡ್. ಬರೆಯುವುದನ್ನು ಹೊರಗಿನ ಎಡಿಟರ್‌ನಲ್ಲಿ ಬರೆದು ಇಲ್ಲಿ ತಂದು ಅಂಟಿಸಿ. ಮೊದಲ ಸಾಲಿನಲ್ಲಿ ಸ್ಕೀಮಾದ ವಿಳಾಸ ಇದ್ದರೆ ಎಡಿಟರ್ ತಪ್ಪುಗಳನ್ನು ಬರೆಯುವಾಗಲೇ ಕೆಂಪು ಗೆರೆ ಹಾಕಿ ತೋರಿಸುತ್ತದೆ.

ಮೊದಲಿಗೆ ಎಲಿಮೆಂಟ್ ಬಗೆ ಮತ್ತು ತೋರುವ ಪಠ್ಯ ಎರಡೇ ಇರುವ ಅತಿ ಚಿಕ್ಕ ಜೆಸನ್ ಹಾಕಿ ನೋಡಿ. ಅದು ಕಂಡಮೇಲೆ ಬಣ್ಣ ಸೇರಿಸಿ, ಆಮೇಲೆ ಷರತ್ತು. ಬಣ್ಣಕ್ಕೆ ನಿಮ್ಮದೇ ಸಂಖ್ಯೆ ಬರೆಯುವ ಬದಲು ಎಸ್‌ಪಿ-ಫೀಲ್ಡ್-ಸಿವಿಯಾರಿಟಿ ಗುಂಪಿನ ಸಿದ್ಧ ಕ್ಲಾಸ್‌ಗಳನ್ನು ಬಳಸಿ: ಗುಡ್, ಲೋ, ವಾರ್ನಿಂಗ್, ಸಿವಿಯರ್‌ವಾರ್ನಿಂಗ್, ಬ್ಲಾಕ್ಡ್. ಸೈಟ್‌ನ ಥೀಮ್ ಬದಲಾದರೂ ಅಕ್ಷರ ಓದಲು ತೊಂದರೆಯಾಗುವುದಿಲ್ಲ.

ಇಲ್ಲಿ ಮತ್ತೆ ಮತ್ತೆ ಆಗುವ ತಪ್ಪುಗಳು ಇವು.

ಖಾಲಿ ದಿನಾಂಕ ಕೆಂಪಾಗುವುದು. ಗಡುವು ತುಂಬದ ಸಾಲಿನಲ್ಲೂ ‘ಗಡುವು ಮೀರಿದೆ’ ಎಂದು ಬರುತ್ತದೆ, ಏಕೆಂದರೆ ಖಾಲಿ ದಿನಾಂಕದ ಸಂಖ್ಯಾಮೌಲ್ಯ ಸೊನ್ನೆ, ಅದು ಇಂದಿಗಿಂತ ಹಿಂದಿನದು. ನಂಬರ್ ಫಂಕ್ಷನ್‌ನಲ್ಲಿ ದಿನಾಂಕ ಹಾಕಿ ಅದು ಸೊನ್ನೆಯೇ ಎಂದು ಎಲ್ಲಕ್ಕಿಂತ ಮೊದಲು ಕೇಳಿ, ಆಮೇಲೆ ಹೋಲಿಸಿ.

‘ಇವತ್ತು’ ಎಂದೂ ನಿಜವಾಗದಿರುವುದು. ಈಗಿನ ಸಮಯ ಕೊಡುವ ಆ್ಯಟ್-ನೌ ಮೌಲ್ಯದಲ್ಲಿ ಗಂಟೆ, ನಿಮಿಷ, ಸೆಕೆಂಡ್‌ಗಳೂ ಇವೆ. ದಿನಾಂಕಕ್ಕೆ ಅದು ಸರಿಸಮ ಆಗುವುದು ಅಪರೂಪ. ಎರಡನ್ನೂ ಟುಲೋಕೇಲ್‌ಡೇಟ್‌ಸ್ಟ್ರಿಂಗ್ ಮೂಲಕ ದಿನಾಂಕದ ಪಠ್ಯವಾಗಿಸಿ ಹೋಲಿಸಿ. ‘ಇನ್ನು ಮೂರು ದಿನ’ ಎಂಬ ಲೆಕ್ಕಕ್ಕೆ ಮಿಲಿಸೆಕೆಂಡ್ ಸೇರಿಸಬೇಕು. ಒಂದು ದಿನಕ್ಕೆ 8,64,00,000.

ಬೇರೆ ಕಾಲಂನ ಮೌಲ್ಯ ಬರದಿರುವುದು. ಫಾರ್ಮುಲಾದಲ್ಲಿ ಹೆಸರಿಸಿದ ಕಾಲಂ ಆ ವ್ಯೂನಲ್ಲೂ ಇರಬೇಕು. ವ್ಯೂನಿಂದ ಯಾರೋ ಅದನ್ನು ತೆಗೆದ ದಿನ ನಿಮ್ಮ ಬಣ್ಣಗಳು ಕೆಡುತ್ತವೆ.

ವ್ಯಕ್ತಿಯ ಕಾಲಂನಲ್ಲಿ ಹೆಸರು ಬಾರದಿರುವುದು. ಆ ಕಾಲಂ ಬರೀ ಪಠ್ಯವಲ್ಲ, ಹಲವು ಗುಣಗಳ ಕಟ್ಟು. ಕೊನೆಗೆ ಚುಕ್ಕಿ ಇಟ್ಟು ಟೈಟಲ್ ಅಥವಾ ಇಮೇಲ್ ಎಂದು ಕೇಳಬೇಕು. ಬೇರೆ ಲಿಸ್ಟ್‌ನಿಂದ ಮೌಲ್ಯ ತರುವ ಲುಕಪ್ ಕಾಲಂಗೆ ಲುಕಪ್‌ವ್ಯಾಲ್ಯೂ.

ಉಲ್ಲೇಖಚಿಹ್ನೆ ಬದಲಾಗಿರುವುದು. ವರ್ಡ್ ಅಥವಾ ಚಾಟ್‌ನಿಂದ ನಕಲು ಮಾಡಿದ ಜೆಸನ್‌ನಲ್ಲಿ ನೇರ ಉಲ್ಲೇಖಚಿಹ್ನೆ ಬಾಗಿದ ಚಿಹ್ನೆಯಾಗಿರುತ್ತದೆ. ಕಣ್ಣಿಗೆ ಸುಲಭವಾಗಿ ಕಾಣದ ಈ ವ್ಯತ್ಯಾಸದಿಂದ ಇಡೀ ಜೆಸನ್ ತಿರಸ್ಕೃತವಾಗುತ್ತದೆ.

ಕನ್ನಡ ಪದದ ಹೋಲಿಕೆ ತಪ್ಪುವುದು. ಪರದೆಯಲ್ಲಿ ಒಂದೇ ರೀತಿ ಕಾಣುವ ಎರಡು ಪದಗಳ ಒಳಗೆ ಬೇರೆ ಬೇರೆ ಸಂಕೇತಗಳಿರಬಹುದು. ಒಂದರಲ್ಲಿ ಕಾಣದ ಶೂನ್ಯ-ಅಗಲದ ಗುರುತು ಇದ್ದು ಇನ್ನೊಂದರಲ್ಲಿ ಇರದಿರಬಹುದು. ‘ಕೊ’ ಅಕ್ಷರದ ಒಕಾರವನ್ನು ಒಂದು ಕೀಬೋರ್ಡ್ ಒಂದೇ ಸಂಕೇತವಾಗಿ, ಇನ್ನೊಂದು ಎರಡು ಸಂಕೇತವಾಗಿ ಕೊಟ್ಟಿರಬಹುದು. ಷರತ್ತಿನಲ್ಲಿ ಬಳಸುವ ಪದವನ್ನು ಟೈಪ್ ಮಾಡಬೇಡಿ, ಆಯ್ಕೆ ಕಾಲಂನ ಸೆಟ್ಟಿಂಗ್ಸ್‌ನಿಂದಲೇ ನಕಲು ಮಾಡಿ ತನ್ನಿ.

ಫಾರ್ಮ್ಯಾಟಿಂಗ್ ತೋರಿಕೆಯನ್ನು ಮಾತ್ರ ಬದಲಿಸುತ್ತದೆ. ಎಕ್ಸೆಲ್‌ಗೆ ಇಳಿಸಿದಾಗ ಮೂಲ ಮೌಲ್ಯವೇ ಹೋಗುತ್ತದೆ. ಸಂಬಳ, ದೂರು, ವೈದ್ಯಕೀಯ ಮಾಹಿತಿಯಂಥವನ್ನು ಜೆಸನ್‌ನಿಂದ ಮರೆಮಾಡಿ ‘ಭದ್ರವಾಗಿದೆ’ ಎಂದುಕೊಳ್ಳುವುದು ದೊಡ್ಡ ಅಪಾಯ. ವ್ಯೂ ಬದಲಿಸಿದರೆ, ಸಾಲನ್ನು ತೆರೆದರೆ ಎಲ್ಲವೂ ಕಾಣುತ್ತದೆ. ಅಂಥ ಮಾಹಿತಿಗೆ ಪ್ರತ್ಯೇಕ ಲಿಸ್ಟ್, ಪ್ರತ್ಯೇಕ ಅನುಮತಿ ಬೇಕು.

## ಹಂತ 6: 5,000ದ ಗೋಡೆ ಬರುವ ಮೊದಲೇ ಇಂಡೆಕ್ಸ್

ಒಂದು ಲಿಸ್ಟ್‌ನಲ್ಲಿ 3 ಕೋಟಿ ಸಾಲು ಇಡಬಹುದು. ಆದರೆ ಒಂದು ಪ್ರಶ್ನೆಗೆ ಸರ್ವರ್ ತಡಕಾಡಬಹುದಾದದ್ದು 5,000 ಸಾಲು. ಹಿಂದಿರುವ ಡೇಟಾಬೇಸ್ ಆದ ಎಸ್‌ಕ್ಯುಎಲ್ ಸರ್ವರ್, ಸಾಲುಬೀಗಗಳು ಸುಮಾರು 5,000 ಮುಟ್ಟಿದಾಗ ಇಡೀ ಟೇಬಲ್‌ಗೆ ಬೀಗ ಹಾಕಲು ಹೋಗುತ್ತದೆ. ಹಾಗಾದರೆ ಅದೇ ಟೇಬಲ್ ಬಳಸುವ ಉಳಿದವರೆಲ್ಲ ಕಾಯಬೇಕು. ಆದ್ದರಿಂದ ಶೇರ್‌ಪಾಯಿಂಟ್ ಆನ್‌ಲೈನ್‌ನಲ್ಲಿ ಈ ಮಿತಿಯನ್ನು ಅಡ್ಮಿನ್ ಕೂಡ ಏರಿಸಲಾರರು.

ಮಾಡಬೇಕಾದದ್ದು: ಲಿಸ್ಟ್ ಚಿಕ್ಕದಿರುವಾಗಲೇ ಫಿಲ್ಟರ್‌ಗೆ, ವಿಂಗಡಣೆಗೆ ಬಳಸುವ ಕಾಲಂಗಳನ್ನು ಇಂಡೆಕ್ಸ್ ಮಾಡಿ, ಅಂದರೆ ಬೇಗ ಹುಡುಕಲು ಸೂಚಿ ಕಟ್ಟಿ. ಒಂದು ಲಿಸ್ಟ್‌ಗೆ 20 ಇಂಡೆಕ್ಸ್ ಮಿತಿ. ವ್ಯೂನ ಮೊದಲ ಫಿಲ್ಟರ್ ಇಂಡೆಕ್ಸ್ ಆದ ಕಾಲಂ ಮೇಲೆ ಇರಬೇಕು, ಅದೊಂದೇ ಫಲಿತಾಂಶವನ್ನು 5,000ಕ್ಕಿಂತ ಕೆಳಗೆ ತರಬೇಕು. ಎರಡನೆಯ ಫಿಲ್ಟರ್ ಎಷ್ಟೇ ಸಣ್ಣದಾಗಿ ಸೋಸಿದರೂ ಮೊದಲನೆಯದು 8,000 ಸಾಲು ಬಿಟ್ಟರೆ ವ್ಯೂ ಬೀಳುತ್ತದೆ. ಫಿಲ್ಟರ್‌ಗಳ ನಡುವೆ ‘ಅಥವಾ’ ಹಾಕಿದರೆ ಇಂಡೆಕ್ಸ್‌ನ ಲಾಭ ಸಿಗುವುದಿಲ್ಲ. ಕ್ಯಾಲ್ಕುಲೇಟೆಡ್ ಕಾಲಂ, ಬಹುಸಾಲಿನ ಪಠ್ಯದ ಕಾಲಂಗಳನ್ನು ಇಂಡೆಕ್ಸ್ ಮಾಡಲು ಆಗುವುದಿಲ್ಲ. ಇದರ ಜೊತೆಗೆ, ಒಂದೇ ವ್ಯೂನಲ್ಲಿ ಲುಕಪ್ ಮತ್ತು ವ್ಯಕ್ತಿ ಬಗೆಯ ಕಾಲಂಗಳು 12 ದಾಟಬಾರದು.

ಸ್ಕ್ರಿಪ್ಟ್‌ನಲ್ಲಿ ಇದೇ ಗೋಡೆ ಬೇರೆ ರೂಪದಲ್ಲಿ ಬರುತ್ತದೆ. ಗೆಟ್-ಪಿಎನ್‌ಪಿಲಿಸ್ಟ್‌ಐಟಂಗೆ ಪೇಜ್‌ಸೈಜ್ 2,000 ಎಂದು ಕೊಟ್ಟರೆ ಎಷ್ಟು ದೊಡ್ಡ ಲಿಸ್ಟಾದರೂ ಪುಟಪುಟವಾಗಿ ಬರುತ್ತದೆ. ಇಂಡೆಕ್ಸ್ ಇಲ್ಲದ ಕಾಲಂ ಮೇಲೆ ಪ್ರಶ್ನೆ ಕಳಿಸಿ ಸರ್ವರ್‌ನಲ್ಲೇ ಸೋಸಲು ಹೋದರೆ ಪೇಜ್‌ಸೈಜ್ ಇದ್ದರೂ ದೋಷ ಬರುತ್ತದೆ. ಅಂಥ ಕಡೆ ಎಲ್ಲವನ್ನೂ ಪುಟಪುಟವಾಗಿ ತಂದು ನಿಮ್ಮ ಕಂಪ್ಯೂಟರ್‌ನಲ್ಲಿ ಸೋಸುವುದೇ ಸರಿ. ಬೇಕಾದ ಕಾಲಂಗಳನ್ನಷ್ಟೇ ಕೇಳಿದರೆ ಸಮಯ ಉಳಿಯುತ್ತದೆ.

## ಹಂತ 7: ಸಾಮೂಹಿಕ ತಿದ್ದುಪಡಿ

ಅತಿ ಹೆಚ್ಚು ಹಾನಿ ಆಗುವುದು ಇಲ್ಲೇ, ಆದ್ದರಿಂದ ಒಂದು ಹೆಜ್ಜೆಯನ್ನೂ ಹಾರಿಸಬೇಡಿ.

1. ಆ ಲಿಸ್ಟ್ ಮೇಲೆ ಕಟ್ಟಿರುವ ಪವರ್ ಆಟೋಮೇಟ್ ಫ್ಲೋಗಳನ್ನೆಲ್ಲ (ತಾನಾಗಿ ನಡೆಯುವ ಕೆಲಸಗಳು) ನಿಲ್ಲಿಸಿ. ನಿಮ್ಮ ಫ್ಲೋಗಳಷ್ಟೇ ಅಲ್ಲ, ಬೇರೆ ಸಹೋದ್ಯೋಗಿಗಳ ಹೆಸರಿನಲ್ಲಿರುವವೂ ಸೇರಿ. ‘ಸಾಲು ಬದಲಾದಾಗ ಮೇಲ್ ಕಳಿಸು’ ಎಂಬ ಒಂದು ಫ್ಲೋ ಉಳಿದರೂ ಸಾಕು. ಸಾಲು ಬದಲಾದಾಗ ಸೂಚನೆ ಬರುವಂತೆ ಮಾಡಿಕೊಂಡವರಿಗೂ ಮೊದಲೇ ತಿಳಿಸಿ.

2. ಬದಲಾಗಬೇಕಾದ ಸಾಲುಗಳನ್ನಷ್ಟೇ ಆರಿಸಿ. ಹೊಸ ಮೌಲ್ಯ ಈಗಾಗಲೇ ಇರುವ ಸಾಲನ್ನು ಬಿಟ್ಟು ಮುಂದೆ ಹೋಗುವಂತೆ ಸ್ಕ್ರಿಪ್ಟ್ ಬರೆದರೆ, ನಡುವೆ ನಿಂತುಹೋದರೂ ಮತ್ತೆ ಮೊದಲಿನಿಂದ ಓಡಿಸಲು ಭಯವಿಲ್ಲ.

3. ಬರೆಯದೆ ಬರೀ ತೋರಿಸುವ ಒಂದು ಸುತ್ತು ಇರಲಿ. ಇದಕ್ಕೆಂದೇ ಇರುವ ವಾಟ್‌ಇಫ್ ಆಯ್ಕೆ ಕೆಲವು ಪಿಎನ್‌ಪಿ ಆಜ್ಞೆಗಳಲ್ಲಿ ಇಲ್ಲ. ಆದ್ದರಿಂದ ಸ್ಕ್ರಿಪ್ಟ್‌ನ ತಲೆಯಲ್ಲೇ ಒಂದು ಹೌದು-ಇಲ್ಲ ವೇರಿಯಬಲ್ ಇಟ್ಟು, ಅದು ‘ಹೌದು’ ಆದಾಗ ಮಾತ್ರ ಬರೆಯುವಂತೆ ಮಾಡಿ. ತೋರಿಸುವ ಸುತ್ತಿನಲ್ಲಿ ಐಡಿ, ಹಳೆಯ ಮೌಲ್ಯ, ಹೊಸ ಮೌಲ್ಯ ಮೂರೂ ಸಿಎಸ್‌ವಿಗೆ ಇಳಿಯಲಿ. ಹಿಂದಕ್ಕೆ ತರಬೇಕಾದಾಗ ಇದೇ ಫೈಲು ಆಸರೆ.

4. ಐದು ಸಾಲು ಬದಲಿಸಿ, ಬ್ರೌಸರ್‌ನಲ್ಲಿ ತೆರೆದು ಕಣ್ಣಾರೆ ನೋಡಿ. ಆವೃತ್ತಿ ಇತಿಹಾಸವನ್ನೂ ನೋಡಿ.

5. ಸರಿಯಿದ್ದರೆ ಬ್ಯಾಚ್ ಮಾಡಿ. ನ್ಯೂ-ಪಿಎನ್‌ಪಿಬ್ಯಾಚ್‌ನಿಂದ ಬ್ಯಾಚ್ ತೆರೆದು, ಪ್ರತಿ ಸೆಟ್-ಪಿಎನ್‌ಪಿಲಿಸ್ಟ್‌ಐಟಂಗೂ ಅದನ್ನು ಕೊಟ್ಟು, ಕೊನೆಗೆ ಇನ್ವೋಕ್-ಪಿಎನ್‌ಪಿಬ್ಯಾಚ್. ಡೀಟೇಲ್ಸ್ ಆಯ್ಕೆ ಸೇರಿಸಿ, ಯಾವ ಸಾಲು ಸೋತಿತೆಂದು ಆಗ ಕಾಣುತ್ತದೆ.

ಅಪ್‌ಡೇಟ್‌ಟೈಪ್ ಆಯ್ಕೆಯನ್ನು ಯೋಚಿಸಿ ಕೊಡಿ. ಸುಮ್ಮನೆ ಬಿಟ್ಟರೆ ಪ್ರತಿ ಸಾಲಿಗೂ ‘ಬದಲಿಸಿದವರು’ ಜಾಗದಲ್ಲಿ ನಿಮ್ಮ ಹೆಸರು, ಇಂದಿನ ದಿನಾಂಕ ಕೂರುತ್ತದೆ. ಯಾವ ದಾಖಲೆ ಹೊಸದು ಎಂದು ಆ ದಿನಾಂಕ ನೋಡಿ ಹುಡುಕುವ ಸಹೋದ್ಯೋಗಿಗಳಿಗೆ ಇದು ಭಾರೀ ತೊಂದರೆ. ಸಿಸ್ಟಮ್‌ಅಪ್‌ಡೇಟ್ ಎಂದರೆ ಹಳೆಯ ಹೆಸರು, ದಿನಾಂಕ ಹಾಗೇ ಉಳಿದು ಹೊಸ ಆವೃತ್ತಿಯೂ ಹುಟ್ಟುವುದಿಲ್ಲ. ಆದರೆ ಹೊಸ ಆವೃತ್ತಿ ಹುಟ್ಟದ ಕಾರಣ ಇತಿಹಾಸದಿಂದ ಹಿಂದಕ್ಕೆ ಹೋಗುವ ದಾರಿಯೂ ಇಲ್ಲ. 3ನೇ ಹೆಜ್ಜೆಯ ಸಿಎಸ್‌ವಿ ಇಲ್ಲದೆ ಇದನ್ನು ಬಳಸಬೇಡಿ.

ಮೌಲ್ಯ ಕೊಡುವ ರೀತಿ ಕಾಲಂ ಬಗೆಗೆ ತಕ್ಕಂತೆ ಬೇರೆ. ವ್ಯಕ್ತಿಗೆ ಇಮೇಲ್ ವಿಳಾಸ, ಲುಕಪ್‌ಗೆ ಆ ಸಾಲಿನ ಐಡಿ ಸಂಖ್ಯೆ, ಹಲವು ಮೌಲ್ಯಗಳಿದ್ದರೆ ಅರೇ. ಕೊಂಡಿಗೆ ವಿಳಾಸ, ಅಲ್ಪವಿರಾಮ, ಒಂದು ಖಾಲಿ ಜಾಗ, ಆಮೇಲೆ ವಿವರಣೆ. ಕೆಲಸ ಬಿಟ್ಟುಹೋದವರ ಖಾತೆ ತೆಗೆದಿದ್ದರೆ ಆ ಇಮೇಲ್ ಕೊಟ್ಟ ಸಾಲು ‘ಬಳಕೆದಾರ ಸಿಗಲಿಲ್ಲ’ ಎಂದು ಸೋಲುತ್ತದೆ. ಅಂಥವರ ಪಟ್ಟಿಯನ್ನು ಮೊದಲೇ ತೆಗೆದಿಡಿ. ಆಯ್ಕೆ ಕಾಲಂನಲ್ಲಂತೂ ಹೆಚ್ಚಿನ ಎಚ್ಚರ ಬೇಕು: ಸ್ಕ್ರಿಪ್ಟ್ ಮೂಲಕ ಬರೆದಾಗ ಆಯ್ಕೆಪಟ್ಟಿಯಲ್ಲಿ ಇಲ್ಲದ ಪದವನ್ನೂ ಶೇರ್‌ಪಾಯಿಂಟ್ ಸದ್ದಿಲ್ಲದೆ ಒಪ್ಪಿಕೊಳ್ಳುತ್ತದೆ. ಕೊನೆಯಲ್ಲೊಂದು ಖಾಲಿ ಜಾಗ ಉಳಿದರೂ ಫಿಲ್ಟರ್‌ನಲ್ಲಿ ಒಂದೇ ಪದ ಎರಡು ಸಲ ಕಾಣಲು ಶುರುವಾಗುತ್ತದೆ.

ಅಳಿಸುವಾಗ ಇನ್ನೂ ದೊಡ್ಡ ಅಪಾಯವಿದೆ. ರಿಮೂವ್-ಪಿಎನ್‌ಪಿಲಿಸ್ಟ್‌ಐಟಂಗೆ ರೀಸೈಕಲ್ ಆಯ್ಕೆ ಕೊಡದಿದ್ದರೆ ಸಾಲು ನೇರವಾಗಿ, ಶಾಶ್ವತವಾಗಿ ಹೋಗುತ್ತದೆ. ಆಯ್ಕೆ ಕೊಟ್ಟರೆ ರೀಸೈಕಲ್ ಬಿನ್‌ನಲ್ಲಿ 93 ದಿನ ಇರುತ್ತದೆ. ‘ಹಿಂದಿನ ದಿನಕ್ಕೆ ಮರಳಿಸು’ ಎಂಬ ಸೌಲಭ್ಯ ಡಾಕ್ಯುಮೆಂಟ್ ಲೈಬ್ರರಿಗಳಿಗೆ ಇದೆ, ಅದೂ ಹಿಂದಿನ 30 ದಿನಕ್ಕೆ. ಲಿಸ್ಟ್‌ಗಳಿಗೆ ಇಲ್ಲ.

## ಹಂತ 8: ದಿನಾಂಕ ಒಂದು ದಿನ ಹಿಂದೆ ಸರಿಯುವುದು

ಶೇರ್‌ಪಾಯಿಂಟ್ ದಿನಾಂಕವನ್ನು ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಇಡುತ್ತದೆ. ಸೈಟ್‌ನ ಸಮಯವಲಯ ಯುಟಿಸಿಗಿಂತ ಮುಂದಿದ್ದರೆ, ಇಲ್ಲಿನ ಮಧ್ಯರಾತ್ರಿ ಅಲ್ಲಿ ಹಿಂದಿನ ದಿನದ ಸಂಜೆ. ಸ್ಕ್ರಿಪ್ಟ್ ಅದನ್ನು ಹಾಗೇ ಓದಿದಾಗ 10ನೇ ತಾರೀಕು 9 ಆಗುತ್ತದೆ.

ಮೊದಲು ಸೈಟ್‌ನ ರೀಜನಲ್ ಸೆಟ್ಟಿಂಗ್ಸ್ ನೋಡಿ. ಯಾರೂ ಮುಟ್ಟದ ಸೈಟ್‌ನಲ್ಲಿ ಅಮೆರಿಕದ ಪೆಸಿಫಿಕ್ ಸಮಯ ಇರುವುದು ಸಾಮಾನ್ಯ. ಅದನ್ನು ಸರಿಪಡಿಸಿದ ಮೇಲೆ ಸ್ಕ್ರಿಪ್ಟ್‌ನಲ್ಲಿ ಸಮಯವಲಯದ ಹೆಸರು ಸ್ಪಷ್ಟವಾಗಿ ಕೊಟ್ಟು ಪರಿವರ್ತಿಸಿ. ಟುಲೋಕಲ್‌ಟೈಮ್ ನಂಬಬೇಡಿ: ಅದು ಸ್ಕ್ರಿಪ್ಟ್ ಓಡುವ ಯಂತ್ರದ ಸಮಯ ನೋಡುತ್ತದೆ, ಕ್ಲೌಡ್‌ನಲ್ಲಿ ಸ್ಕ್ರಿಪ್ಟ್ ಓಡಿಸುವ ಅಝೂರ್ ಆಟೋಮೇಶನ್‌ನಲ್ಲಿ ಆ ಯಂತ್ರವೇ ಯುಟಿಸಿಯಲ್ಲಿ ಇರುತ್ತದೆ. ನಿಮ್ಮ ಮೇಜಿನ ಮೇಲೆ ಸರಿ ಬಂದದ್ದು ಅಲ್ಲಿ ತಪ್ಪುವುದು ಹೀಗೆ.

ಸಿಎಸ್‌ವಿಯಲ್ಲಿ ದಿನಾಂಕವನ್ನು ವರ್ಷ-ತಿಂಗಳು-ದಿನ ಕ್ರಮದಲ್ಲೇ ಬರೆಯಿರಿ. 03/04 ಎಂದಿದ್ದರೆ ಪವರ್‌ಶೆಲ್‌ನ ಡೇಟ್‌ಟೈಮ್ ಪರಿವರ್ತನೆ ಅದನ್ನು ಮಾರ್ಚ್ 4 ಎಂದು ಓದುತ್ತದೆ, ಸುಳಿವೂ ಕೊಡುವುದಿಲ್ಲ. 13/04 ಬಂದಾಗ ಮಾತ್ರ ದೋಷ ತೋರಿಸುತ್ತದೆ. ಕೆಲವೇ ಸಾಲುಗಳು ಸೋತು ಉಳಿದವು ಗೆದ್ದಂತೆ ಕಂಡರೆ, ಗೆದ್ದವುಗಳನ್ನೇ ಅನುಮಾನಿಸಿ.

## ಹಂತ 9: ತಾನಾಗಿ ಓಡುವ ಸ್ಕ್ರಿಪ್ಟ್

ರಾತ್ರಿ ಯಾರೂ ಇಲ್ಲದಾಗ ಓಡಬೇಕಾದ ಸ್ಕ್ರಿಪ್ಟ್‌ಗೆ ಆ್ಯಪ್‌ನ ಗುರುತೇ ಬೇಕು, ಅದಕ್ಕೆ ಸರ್ಟಿಫಿಕೇಟ್ ಬೇಕು. ಎಂಟ್ರಾ ಆ್ಯಪ್‌ನ ಕ್ಲೈಂಟ್ ಸೀಕ್ರೆಟ್ (ಆ್ಯಪ್‌ನ ಪಾಸ್‌ವರ್ಡ್) ಕೊಟ್ಟರೆ ಶೇರ್‌ಪಾಯಿಂಟ್ ‘ಅನ್‌ಸಪೋರ್ಟೆಡ್ ಆ್ಯಪ್ ಓನ್ಲಿ ಟೋಕನ್’ ಎಂದು ತಿರಸ್ಕರಿಸುತ್ತದೆ. ಸೀಕ್ರೆಟ್‌ನಿಂದ ನಡೆಯುತ್ತಿದ್ದ ಹಳೆಯ ಎಸಿಎಸ್ (ಆಕ್ಸೆಸ್ ಕಂಟ್ರೋಲ್ ಸರ್ವಿಸ್) ದಾರಿಗೆ ಮೈಕ್ರೋಸಾಫ್ಟ್ ಗೊತ್ತುಮಾಡಿದ ಕೊನೆಯ ದಿನ 2026ರ ಏಪ್ರಿಲ್ 2. ಹೊಸ ಕೆಲಸವನ್ನು ಅದರ ಮೇಲೆ ಕಟ್ಟಬೇಡಿ.

ಅನುಮತಿಯಾಗಿ ಸೈಟ್ಸ್.ಸೆಲೆಕ್ಟೆಡ್ ಕೇಳಿ, ಬೇಕಾದ ಸೈಟ್‌ಗಷ್ಟೇ ಪ್ರವೇಶ ಕೊಡಿಸಿ. ಸೈಟ್ಸ್.ಫುಲ್‌ಕಂಟ್ರೋಲ್.ಆಲ್ ಕೊಟ್ಟರೆ ಆ ಸರ್ಟಿಫಿಕೇಟ್ ಯಾರ ಕೈಗೆ ಸಿಕ್ಕರೂ ಸಂಸ್ಥೆಯ ಎಲ್ಲ ಸೈಟ್‌ಗಳೂ ಅವರ ಕೈಗೆ ಸಿಕ್ಕಂತೆ. ಸರ್ಟಿಫಿಕೇಟ್ ಮುಗಿಯುವ ದಿನವನ್ನು ಒಬ್ಬರಲ್ಲ, ಇಬ್ಬರ ಕ್ಯಾಲೆಂಡರ್‌ನಲ್ಲಿ ಹಾಕಿ. ಸ್ಟಾರ್ಟ್-ಟ್ರಾನ್ಸ್‌ಕ್ರಿಪ್ಟ್‌ನಿಂದ ಪ್ರತಿ ಓಟದ ದಾಖಲೆ ಉಳಿಸಿ.

## ಹಂತ 10: ಎಸ್‌ಪಿಎಫ್ಎಕ್ಸ್ ತನಕ ಹೋಗಲೇಬೇಕಾದರೆ

ಇದು ಪ್ರತ್ಯೇಕ ಕಲಿಕೆ, ಇಲ್ಲಿ ಎರಡು ಎಚ್ಚರಿಕೆ ಮಾತ್ರ. ಶೇರ್‌ಪಾಯಿಂಟ್‌ನ ಸ್ವಂತ ಪುಟರಚನೆಯ ಸಿಎಸ್‌ಎಸ್ ಕ್ಲಾಸ್ ಹೆಸರುಗಳನ್ನು ಹಿಡಿದು ಅಡಗಿಸುವ, ಸರಿಸುವ ಕೋಡ್ ಬರೆಯಬೇಡಿ. ಮೈಕ್ರೋಸಾಫ್ಟ್ ಆ ಹೆಸರುಗಳನ್ನು ಹೇಳದೆ ಬದಲಿಸುತ್ತದೆ. ಎರಡನೆಯದು, ಒಂದು ಪ್ಯಾಕೇಜ್‌ಗೆಂದು ಅಡ್ಮಿನ್ ಒಪ್ಪಿದ ಎಪಿಐ (ಬೇರೆ ಸೇವೆಗಳ ಮಾಹಿತಿ ಬಳಸುವ) ಅನುಮತಿ ಸಾಮಾನ್ಯವಾಗಿ ಆ ಟೆನೆಂಟ್‌ನಲ್ಲಿ ಓಡುವ ಎಲ್ಲ ಎಸ್‌ಪಿಎಫ್ಎಕ್ಸ್ ಕೋಡ್‌ಗೂ ಸಿಗುತ್ತದೆ. ಹವಾಮಾನ ತೋರಿಸುವ ವೆಬ್ ಪಾರ್ಟ್‌ಗೆ ಎಲ್ಲರ ಮೇಲ್ ಓದುವ ಹಕ್ಕು ಕೇಳುವ ಪ್ಯಾಕೇಜ್ ಬಂದರೆ ಒಪ್ಪಬೇಡಿ.

ಪುಟವೇ ತೆರೆಯದಂತಾದರೆ ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ‘ಮೇಂಟೆನನ್ಸ್‌ಮೋಡ್=ಟ್ರೂ’ ಎಂದು ಸೇರಿಸಿ. ವೆಬ್ ಪಾರ್ಟ್‌ಗಳು ಓಡದೆ ಅವುಗಳ ವಿವರ ಮಾತ್ರ ಕಾಣುತ್ತದೆ, ಕೆಟ್ಟದ್ದು ಯಾವುದೆಂದು ಹುಡುಕಬಹುದು.

## ಕೆಲಸ ನಿಲ್ಲಿಸಬೇಕಾದ ಸೂಚನೆಗಳು

429 ಅಥವಾ 503 ಬಂದರೆ ಸರ್ವರ್ ನಿಮ್ಮನ್ನು ತಡೆಯುತ್ತಿದೆ. ಉತ್ತರದ ಜೊತೆ ಬರುವ ರಿಟ್ರೈ-ಆಫ್ಟರ್ ಎಷ್ಟು ಸೆಕೆಂಡ್ ಹೇಳುತ್ತದೋ ಅಷ್ಟು ಕಾಯಬೇಕು. ಪಿಎನ್‌ಪಿ ಆಜ್ಞೆಗಳು ತಾವೇ ಕಾಯುತ್ತವೆ, ಆದರೆ ನೀವೇ ಬರೆದ ರೆಸ್ಟ್ ಕರೆಗಳು (ಸರ್ವರ್‌ಗೆ ನೇರವಾಗಿ ಕಳಿಸುವ ವಿನಂತಿಗಳು) ಕಾಯುವುದಿಲ್ಲ. ಬೇಗ ಮುಗಿಯಲೆಂದು ಇನ್ನೆರಡು ಕಿಟಕಿ ತೆರೆದು ಅದೇ ಸ್ಕ್ರಿಪ್ಟ್ ಓಡಿಸಿದರೆ ತಡೆ ಇನ್ನೂ ಉದ್ದವಾಗುತ್ತದೆ.

‘ಸೇವ್ ಕಾನ್‌ಫ್ಲಿಕ್ಟ್’ ಬಂದರೆ ಅದೇ ಸಾಲನ್ನು ಇನ್ಯಾರೋ, ಇಲ್ಲವೇ ನಿಲ್ಲಿಸದೆ ಬಿಟ್ಟ ಫ್ಲೋ ಬದಲಿಸುತ್ತಿದೆ. ಹಂತ 7ರ ಮೊದಲ ಹೆಜ್ಜೆಗೆ ಹಿಂದಿರುಗಿ.

ಫೈಲು ಬೇರೆಯವರಿಗೆ ಚೆಕ್ ಔಟ್ ಆಗಿದೆ ಎಂದರೆ ಬಲವಂತವಾಗಿ ಬಿಡಿಸಬೇಡಿ, ಅವರು ಉಳಿಸದ ಬದಲಾವಣೆ ಹೋಗುತ್ತದೆ. ಅಂಥ ಫೈಲುಗಳನ್ನು ಪಟ್ಟಿ ಮಾಡಿ, ಅವರವರಿಗೆ ಹೇಳಿ, ಎರಡನೇ ಸುತ್ತಿನಲ್ಲಿ ಮಾಡಿ.

ತೋರಿಸುವ ಸುತ್ತಿನಲ್ಲಿ ಬಂದ ಸಾಲುಗಳ ಸಂಖ್ಯೆಗೂ ವ್ಯೂನಲ್ಲಿ ಕಾಣುವ ಸಂಖ್ಯೆಗೂ ತಾಳೆಯಾಗದಿದ್ದರೆ ಬರೆಯುವ ಸುತ್ತನ್ನು ಶುರು ಮಾಡಲೇಬೇಡಿ. ಫೋಲ್ಡರ್‌ಗಳೂ ಸಾಲುಗಳಾಗಿ ಎಣಿಕೆಯಾಗಿವೆಯೇ, ನಿಮಗೆ ಅನುಮತಿ ಇಲ್ಲದ ಸಾಲುಗಳು ಬಿಟ್ಟುಹೋಗಿವೆಯೇ, ಕಾಲಂನ ಒಳಹೆಸರು ತಪ್ಪಿ ಎಲ್ಲವೂ ಖಾಲಿ ಎಂದು ಬಂದಿವೆಯೇ ಎಂದು ಈ ಕ್ರಮದಲ್ಲೇ ನೋಡಿ. ಮೂರನೆಯದಾದರೆ ಹಂತ 4ರಲ್ಲಿ ಇಳಿಸಿಟ್ಟ ಸಿಎಸ್‌ವಿಯಲ್ಲಿ ಉತ್ತರ ಸಿಗುತ್ತದೆ.